ರಿಗ್ ನಿಂತ ಮೇಲೂ ಏಳುತ್ತಲೇ ಇದ್ದ ಮನೆಗಳು

1980ರ ದಶಕದಲ್ಲಿ ತೈಲದ ಬೆಲೆ ಕುಸಿದಾಗ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮನೆಗಳ ಬೆಲೆಯೂ ಕುಸಿಯಿತು. ಪೆಟ್ಟು ಕೊಟ್ಟದ್ದು ತೈಲ, ನಿಜ. ಆದರೆ ಮನೆಗಳ ಬೆಲೆ ಅಷ್ಟು ಆಳಕ್ಕೆ ಇಳಿಯಲು ಬೇರೆ ಕಾರಣಗಳಿದ್ದವು.

1988ರ ಜನವರಿ. ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನ ಹರಾಜು ಮಳಿಗೆಯೊಂದರಲ್ಲಿ ನೂಕುನುಗ್ಗಲು. ಕುದುರೆಯ ಜೀನು, ರತ್ನಗಂಬಳಿ, ಚಿತ್ರಪಟ, ಮೇಜು, ಕುರ್ಚಿ ಎಲ್ಲವೂ ಒಂದೊಂದಾಗಿ ಕೂಗಿಗೆ ಬರುತ್ತಿದ್ದವು. ಅವೆಲ್ಲ ಜಾನ್ ಕಾನಲಿ ಅವರ ಮನೆಯ ಸಾಮಾನು. ಟೆಕ್ಸಸ್‌ನ ಗವರ್ನರ್ ಆಗಿದ್ದವರು, 1963ರಲ್ಲಿ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾದಾಗ ಅದೇ ಕಾರಿನಲ್ಲಿ ಕುಳಿತು ಗುಂಡೇಟು ತಿಂದು ಬದುಕುಳಿದವರು, ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ದೇಶದ ಖಜಾನೆಯನ್ನೇ ನೋಡಿಕೊಂಡವರು. ಅಂಥವರೇ 9 ಕೋಟಿ ಡಾಲರ್ ಮೀರಿದ ಸಾಲ ತೀರಿಸಲಾಗದೆ ಹಿಂದಿನ ವರ್ಷ ದಿವಾಳಿ ಅರ್ಜಿ ಹಾಕಿದ್ದರು.

ಅವರನ್ನು ಮುಖ್ಯವಾಗಿ ಮುಳುಗಿಸಿದ್ದು ರಿಯಲ್ ಎಸ್ಟೇಟ್: ಅಪಾರ್ಟ್‌ಮೆಂಟು, ಕಚೇರಿ ಕಟ್ಟಡ, ಮಳಿಗೆ ಸಂಕೀರ್ಣ. 1980ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗೆ ಯತ್ನಿಸಿ ಸೋತ ಮೇಲೆ ಅವರು ಕಟ್ಟಡಗಳ ವ್ಯವಹಾರಕ್ಕೆ ಕೈಹಾಕಿದರು. ತೈಲದ ಬೆಲೆ ಆಗ ತುತ್ತತುದಿಯಲ್ಲಿತ್ತು, ಅಲ್ಲಿಂದ ಇಳಿಯಲು ಸಿದ್ಧವಾಗಿತ್ತು. ಮಾಜಿ ಖಜಾನೆ ಕಾರ್ಯದರ್ಶಿಗೇ ಕಾಣದ ಆ ಇಳಿಜಾರು ಸಾಮಾನ್ಯ ಸಂಸಾರವಂದಿಗನಿಗೆ ಕಾಣಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಬೇರೆ ಊರಿಗೆ ಬರ, ಇಲ್ಲಿ ಸುಗ್ಗಿ

ಹ್ಯೂಸ್ಟನ್ ತೈಲದ ಊರಾದದ್ದು ಹೀಗೆ: 1901ರಲ್ಲಿ ಬೋಮಾಂಟ್ ಪಟ್ಟಣದ ಹತ್ತಿರದ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ತೈಲ ಚಿಮ್ಮಿತು. 1914ರಲ್ಲಿ ಸಮುದ್ರದಿಂದ ಹ್ಯೂಸ್ಟನ್‌ವರೆಗೆ ಆಳವಾದ ಹಡಗು ಕಾಲುವೆ ತೆರೆಯಿತು. ಅದರ ದಂಡೆಯುದ್ದಕ್ಕೂ ಸಂಸ್ಕರಣಾಗಾರಗಳು ತಲೆಯೆತ್ತಿದವು. ಕೊರೆಯುವ ಡ್ರಿಲ್ ಬಿಟ್, ಪೈಪು, ವಾಲ್ವು ತಯಾರಿಸುವವರು, ಭೂವಿಜ್ಞಾನಿಗಳು, ಅವರೆಲ್ಲರಿಗೂ ಸಾಲ ಕೊಡುವ ಬ್ಯಾಂಕುಗಳು ಎಲ್ಲವೂ ಒಂದೇ ಊರಿನಲ್ಲಿ ನೆಲೆನಿಂತವು.

1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಪೀಪಾಯಿಯ ಬೆಲೆ ಸುಮಾರು 3 ಡಾಲರ್‌ನಿಂದ ಕೆಲವೇ ತಿಂಗಳಲ್ಲಿ 12ಕ್ಕೆ ಹಾರಿತು. 1979ರ ಇರಾನ್ ಕ್ರಾಂತಿಯ ನಂತರ 35ನ್ನೂ ದಾಟಿತು. ಪೆಟ್ರೋಲ್ ದುಬಾರಿಯಾದಷ್ಟೂ ಡೆಟ್ರಾಯಿಟ್‌ನ ದೊಡ್ಡ ಕಾರುಗಳನ್ನು ಕೇಳುವವರಿಲ್ಲವಾದರು. ಅಲ್ಲಿ ಕೆಲಸ ಕಳೆದುಕೊಂಡವರು ಹ್ಯೂಸ್ಟನ್ ಪತ್ರಿಕೆಗಳ 'ಕೆಲಸಕ್ಕೆ ಬೇಕಾಗಿದ್ದಾರೆ' ಪುಟಗಳನ್ನು ತರಿಸಿ ಓದಿ, ಸಂಸಾರವನ್ನು ಕಾರಿಗೆ ತುಂಬಿಕೊಂಡು ದಕ್ಷಿಣಕ್ಕೆ ಹೊರಟರು. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದ ಕಾರುಗಳ ಕಪ್ಪು ನಂಬರ್ ಪ್ಲೇಟು ಹ್ಯೂಸ್ಟನ್ ಬೀದಿಗಳಲ್ಲಿ ಎಷ್ಟು ಹೆಚ್ಚಿತೆಂದರೆ, ವಲಸಿಗರಿಗೆ 'ಬ್ಲ್ಯಾಕ್ ಟ್ಯಾಗ್' ಜನ ಎಂಬ ಅಡ್ಡಹೆಸರೇ ಬಿತ್ತು. 1970ರಲ್ಲಿ 12.3 ಲಕ್ಷವಿದ್ದ ನಗರದ ಜನಸಂಖ್ಯೆ 1980ಕ್ಕೆ 15.9 ಲಕ್ಷವಾಯಿತು.

ಬಂದವರಿಗೆಲ್ಲ ಸೂರು ಬೇಕು. ಕಟ್ಟುವುದಕ್ಕೆ ಹ್ಯೂಸ್ಟನ್‌ನಷ್ಟು ಸಲೀಸಾದ ಊರು ಇನ್ನೊಂದಿರಲಿಲ್ಲ. ಅಮೆರಿಕದ ದೊಡ್ಡ ನಗರಗಳಲ್ಲಿ ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ಗೊತ್ತುಮಾಡುವ ವಲಯ ನಿಯಮವಿಲ್ಲದ್ದು ಇದೊಂದೇ. 1948ರಲ್ಲೂ 1962ರಲ್ಲೂ ಮತದಾರರು ಅದನ್ನು ಬೇಡವೆಂದು ತಳ್ಳಿಹಾಕಿದ್ದರು. ಊರಾಚೆಯ ಹುಲ್ಲುಗಾವಲನ್ನು ಕೊಂಡ ಬಿಲ್ಡರ್ ಅಲ್ಲೊಂದು 'ಪೌರ ಸೌಲಭ್ಯ ಜಿಲ್ಲೆ' ಸ್ಥಾಪಿಸಬಹುದಿತ್ತು. ಆ ಜಿಲ್ಲೆ ಬಾಂಡ್ ಮಾರಿ ಹಣ ಎತ್ತಿ ನೀರು, ಒಳಚರಂಡಿಯ ವೆಚ್ಚ ಭರಿಸುತ್ತಿತ್ತು. ಬಾಂಡಿನ ಸಾಲವನ್ನು ಮುಂದೆ ಅಲ್ಲಿ ಮನೆ ಕೊಳ್ಳುವವರು ಆಸ್ತಿ ತೆರಿಗೆಯಾಗಿ ತೀರಿಸಬೇಕು. ಇನ್ನೂ ಬಾರದ ನಿವಾಸಿಗಳ ಹೆಸರಿನಲ್ಲಿ ಮಾಡಿದ ಸಾಲ ಅದು. ಜನ ಬರುತ್ತಿರುವಷ್ಟು ಕಾಲ ಲೆಕ್ಕ ಸರಿಹೋಗುತ್ತಿತ್ತು.

4,530

ಅಮೆರಿಕದಲ್ಲಿ ತೈಲ ಕೊರೆಯುತ್ತಿರುವ ರಿಗ್‌ಗಳನ್ನು ಎಣಿಸುವ ಪರಿಪಾಠ ಶುರು ಮಾಡಿದ್ದು ಹ್ಯೂಸ್ಟನ್ನಿನದೇ ಹ್ಯೂಸ್ ಟೂಲ್ ಕಂಪನಿ. 1981ರ ಡಿಸೆಂಬರ್ 28ರಂದು ಆ ಎಣಿಕೆ 4,530 ಮುಟ್ಟಿತು. ಅದಕ್ಕಿಂತ ಮುಂಚೆಯೂ ಆಮೇಲೂ ಅಷ್ಟು ರಿಗ್‌ಗಳು ದುಡಿದದ್ದಿಲ್ಲ. ದುಬಾರಿ ತೈಲವನ್ನು ಜಗತ್ತು ಮಿತವಾಗಿ ಬಳಸಲು ಕಲಿತಿತ್ತು, ಉತ್ತರ ಸಮುದ್ರ ಮತ್ತು ಅಲಾಸ್ಕದ ತೈಲವೂ ಮಾರುಕಟ್ಟೆಗೆ ಬಂದಿತ್ತು. 1983ರ ವಸಂತದ ಹೊತ್ತಿಗೆ ರಿಗ್‌ಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಡ್ರಿಲ್ ಬಿಟ್, ಪೈಪು ತಯಾರಿಸುತ್ತಿದ್ದ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸತೊಡಗಿದವು. 1982ರಲ್ಲಿ ಮೆಕ್ಸಿಕೊದ ಪೆಸೊ ಅಪಮೌಲ್ಯಗೊಂಡು ಗಡಿಯಾಚೆಯ ಗಿರಾಕಿಗಳೂ ಕಡಿಮೆಯಾದರು.

ಇಷ್ಟಾದರೂ ಕ್ರೇನುಗಳು ನಿಲ್ಲಲಿಲ್ಲ. 1982ರಲ್ಲಿ 75 ಮಹಡಿಯ ಟೆಕ್ಸಸ್ ಕಾಮರ್ಸ್ ಗೋಪುರ, 1983ರಲ್ಲಿ 71 ಮಹಡಿಯ ಅಲೈಡ್ ಬ್ಯಾಂಕ್ ಪ್ಲಾಜಾ ಎದ್ದು ನಿಂತವು. ನೈಋತ್ಯದ ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟ್ ಸಮುಚ್ಚಯಗಳು ಏಳುತ್ತಲೇ ಇದ್ದವು. ಮಂಜೂರಾದ ಸಾಲ, ಕೊಂಡಿಟ್ಟ ಸೈಟು, ಅರ್ಧಕ್ಕೆ ಬಂದ ಕಟ್ಟಡವನ್ನು ಒಮ್ಮೆಲೇ ಬಿಡಲಾಗದು ಎಂಬುದು ಒಂದು ಕಾರಣ. ಆದರೆ ದೊಡ್ಡ ಕಾರಣಗಳು ಹುಟ್ಟಿದ್ದು ವಾಷಿಂಗ್ಟನ್‌ನಲ್ಲಿ.

ಮೊದಲನೆಯದು ತೆರಿಗೆ. 1981ರ ಕಾನೂನು ಕಟ್ಟಡದ ಸವಕಳಿಯನ್ನು 15 ವರ್ಷಗಳಲ್ಲೇ ಲೆಕ್ಕ ಹಾಕಿ ಕಳೆಯಲು ಬಿಟ್ಟಿತು. ಕಾಗದದ ಮೇಲೆ ನಷ್ಟ ತೋರಿಸಿ, ಸಂಬಳ ಮತ್ತು ವೃತ್ತಿಯ ಆದಾಯದ ಮೇಲಿನ ತೆರಿಗೆ ಉಳಿಸಬಹುದಾಯಿತು. ದೂರದೂರಿನ ವೈದ್ಯರು, ವಕೀಲರು ತಾವು ಕಣ್ಣಲ್ಲೂ ಕಾಣದ ಟೆಕ್ಸಸ್ ಅಪಾರ್ಟ್‌ಮೆಂಟುಗಳಲ್ಲಿ ಪಾಲು ಕೊಂಡರು. ಬಾಡಿಗೆದಾರರು ಬಾರದಿದ್ದರೂ ಹಣ ಹಾಕಿದವನ ಲೆಕ್ಕ ಕೆಡುತ್ತಿರಲಿಲ್ಲ.

ಎರಡನೆಯದು ಸಾಲದ ಹಣ. 'ಸೇವಿಂಗ್ಸ್ ಅಂಡ್ ಲೋನ್' ಎಂಬ ಉಳಿತಾಯ ಸಂಸ್ಥೆಗಳ ಕೆಲಸ ಸರಳವಾಗಿತ್ತು. ಊರವರ ಠೇವಣಿ ತೆಗೆದುಕೊಂಡು, ಊರವರಿಗೆ 30 ವರ್ಷದ ಗೃಹಸಾಲ ಕೊಡುವುದು. 1980ರ ಆಸುಪಾಸಿನಲ್ಲಿ ಬಡ್ಡಿದರಗಳು ಗಗನಕ್ಕೇರಿದಾಗ, ಹಿಂದೆ ಕಡಿಮೆ ಬಡ್ಡಿಗೆ ಕೊಟ್ಟ ಸಾಲಗಳನ್ನಿಟ್ಟುಕೊಂಡು ಠೇವಣಿದಾರರಿಗೆ ಹೆಚ್ಚಿನ ಬಡ್ಡಿ ಕೊಡಬೇಕಾಗಿ ಬಂದು ಅವು ನೆಲಕಚ್ಚಿದವು. ಮುಚ್ಚಿಸುವ ಬದಲು ಸರ್ಕಾರ ಅವುಗಳ ಹಗ್ಗ ಸಡಿಲ ಮಾಡಿತು. 1980ರಲ್ಲಿ ಠೇವಣಿ ವಿಮೆಯ ಮಿತಿಯನ್ನು 40 ಸಾವಿರ ಡಾಲರ್‌ನಿಂದ 1 ಲಕ್ಷಕ್ಕೆ ಏರಿಸಿತು. 1982ರ ಗಾರ್ನ್–ಸೇಂಟ್ ಜರ್ಮೇನ್ ಕಾನೂನು ವಾಣಿಜ್ಯ ಕಟ್ಟಡಗಳಿಗೂ ಧಾರಾಳವಾಗಿ ಸಾಲ ಕೊಡಲು ಬಾಗಿಲು ತೆರೆಯಿತು. ದಳ್ಳಾಳಿಗಳು ದೇಶದ ಮೂಲೆಮೂಲೆಯಿಂದ ಠೇವಣಿ ತಂದು ಸುರಿದರು. ಯೋಜನೆ ಗೆದ್ದರೆ ಲಾಭ ಸಂಸ್ಥೆಗೆ, ಸೋತರೆ ಹೊರೆ ಸರ್ಕಾರಿ ವಿಮೆಗೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಡಲ್ಲಾಸ್ ಬಳಿಯ ಮೆಸ್ಕಿಟ್ ಪಟ್ಟಣದ ಎಂಪೈರ್ ಸೇವಿಂಗ್ಸ್ ಸಾಕ್ಷಿ. ಹೆದ್ದಾರಿ 30ರ ಪಕ್ಕದ ಜಮೀನನ್ನು ಒಂದು ಕೂಟದವರೇ ತಮ್ಮೊಳಗೆ ಒಬ್ಬರಿಂದೊಬ್ಬರಿಗೆ ಮಾರಿ, ಕೆಲವೊಮ್ಮೆ ಒಂದೇ ದಿನದಲ್ಲಿ, ಬೆಲೆ ಏರಿಸುತ್ತಿದ್ದರು. ಆ ಬೆಲೆಯ ಮೇಲೆ ಸಾಲ, ಆ ಸಾಲದ ಮೇಲೆ ಕೊಳ್ಳುವವರಿಲ್ಲದ ಮನೆಗಳು. 1984ರಲ್ಲಿ ಉಳಿತಾಯ ಸಂಸ್ಥೆಗಳ ನಿಯಂತ್ರಣ ಮಂಡಳಿಯ ಅಧ್ಯಕ್ಷ ಎಡ್ವಿನ್ ಗ್ರೇ ಅವರಿಗೆ ಆ ಸ್ಥಳದ ವಿಡಿಯೋ ತೋರಿಸಲಾಯಿತು. ಮೈಲುಗಟ್ಟಲೆ ಅರೆಬರೆ ಮನೆಗಳು, ಅಡಿಪಾಯದ ಚಪ್ಪಡಿಗಳು. ಎಂಪೈರ್ ಅದೇ ವರ್ಷ ಮುಚ್ಚಿತು. ಆ ಮನೆಗಳಲ್ಲಿ ಹಲವನ್ನು ಮುಂದೆ ಬುಲ್ಡೋಜರಿನಿಂದ ಕೆಡವಬೇಕಾಯಿತು.

ಕೆಲಸವಿದ್ದವರೂ ಬೀಗ ಹಾಕಿ ಹೊರಟರು

ಬೆಲೆ ಬೀಳದಂತೆ ತಡೆಯಲು ಸೌದಿ ಅರೇಬಿಯ ವರ್ಷಗಟ್ಟಲೆ ತನ್ನ ಉತ್ಪಾದನೆಯನ್ನು ಕಡಿತ ಮಾಡುತ್ತ ಬಂದಿತ್ತು. 1985ರ ಕೊನೆಗೆ ಆ ಹಟ ಬಿಟ್ಟು ತೈಲ ಹರಿಯಬಿಟ್ಟಿತು. ಸುಮಾರು 30 ಡಾಲರ್ ಇದ್ದ ಪೀಪಾಯಿ 1986ರ ಮಧ್ಯದ ಹೊತ್ತಿಗೆ 10ರ ಆಸುಪಾಸಿಗೆ ಬಿತ್ತು. ರಿಗ್‌ಗಳ ಎಣಿಕೆ 663ಕ್ಕೆ ಇಳಿಯಿತು. ಅದೇ ವರ್ಷದ ತೆರಿಗೆ ಸುಧಾರಣೆ ಕಟ್ಟಡಗಳಿಗೆ ಸಿಗುತ್ತಿದ್ದ ರಿಯಾಯಿತಿಯನ್ನೂ ಕಿತ್ತುಕೊಂಡಿತು. 1982ರಿಂದ 1987ರವರೆಗೆ ಹ್ಯೂಸ್ಟನ್ ಪ್ರದೇಶ ಕಳೆದುಕೊಂಡ ಕೆಲಸಗಳು 2 ಲಕ್ಷಕ್ಕೂ ಹೆಚ್ಚು.

ಕೆಲಸ ಹೋದವರು ಕಂತು ಕಟ್ಟಲಾಗದೆ ಮನೆ ಬಿಟ್ಟರು ಎನ್ನುವುದು ಅರ್ಥವಾಗುತ್ತದೆ. ಕೆಲಸ ಇದ್ದವರೂ ಬಿಟ್ಟರಲ್ಲ, ಅದೇಕೆ? ಒಂದು ಲೆಕ್ಕ ಹಾಕಿ ನೋಡೋಣ. 1984ರಲ್ಲಿ ಒಬ್ಬಾತ 80 ಸಾವಿರ ಡಾಲರ್‌ನ ಮನೆಗೆ ಕೈಯಿಂದ 4 ಸಾವಿರ ಹಾಕಿ, ಉಳಿದ 76 ಸಾವಿರವನ್ನು ಶೇ 14ರ ಬಡ್ಡಿಗೆ 30 ವರ್ಷದ ಸಾಲವಾಗಿ ತಂದ ಎನ್ನೋಣ. ತಿಂಗಳ ಕಂತು ಸುಮಾರು 900 ಡಾಲರ್. ಎರಡು ವರ್ಷದ ಮೇಲೆ ಪಕ್ಕದ ಅಂಥದೇ ಮನೆಯನ್ನು ಬ್ಯಾಂಕು ಜಪ್ತಿ ಮಾಡಿ 55 ಸಾವಿರಕ್ಕೆ ಮಾರಾಟಕ್ಕಿಟ್ಟಿದೆ, ಬಡ್ಡಿಯೂ ಶೇ 10ಕ್ಕೆ ಇಳಿದಿದೆ. ಅದೇ ಪ್ರಮಾಣದಲ್ಲಿ ಕೈಯಿಂದ ಹಣ ಹಾಕಿ ಅದನ್ನು ಕೊಳ್ಳುವವನ ಕಂತು ಸುಮಾರು 460 ಡಾಲರ್. ಹಳೆಯ ಸಾಲವನ್ನು ಹೊಸ ಬಡ್ಡಿಗೆ ಬದಲಿಸಿಕೊಳ್ಳೋಣವೆಂದರೆ ಸಾಲವೇ ಮನೆಯ ಬೆಲೆಗಿಂತ ದೊಡ್ಡದು, ಯಾವ ಬ್ಯಾಂಕೂ ಒಪ್ಪುವುದಿಲ್ಲ. ಬೀಗದ ಕೈಯನ್ನು ಸಾಲ ಕೊಟ್ಟವರಿಗೆ ಒಪ್ಪಿಸಿ ನಡೆಯುವುದೇ ಲಾಭ ಎನ್ನುವ ಸ್ಥಿತಿ.

ಟೆಕ್ಸಸ್‌ನಲ್ಲಿ ಜಪ್ತಿಗೆ ಸಾಮಾನ್ಯವಾಗಿ ಕೋರ್ಟಿನ ವಿಚಾರಣೆ ಬೇಕಿಲ್ಲ. 21 ದಿನ ಮುಂಚೆ ನೋಟಿಸು, ಆಮೇಲೆ ತಿಂಗಳ ಮೊದಲ ಮಂಗಳವಾರ ಕೌಂಟಿಯ ನ್ಯಾಯಾಲಯದ ಬಳಿ ಹರಾಜು. ಇಂದಿಗೂ ನಡೆದುಬಂದಿರುವ ಪದ್ಧತಿ ಇದು. ಆ ದಿನಗಳಲ್ಲಿ ಹರಾಜಿಗೆ ಬಂದ ಮನೆ ಬಹುಪಾಲು ಬ್ಯಾಂಕಿನ ಪಾಲಿಗೇ ಉಳಿಯುತ್ತಿತ್ತು. ಬ್ಯಾಂಕು ಅದನ್ನು ಇನ್ನಷ್ಟು ಅಗ್ಗಕ್ಕೆ ಮಾರಿದಾಗ ಬೀದಿಯ ಉಳಿದ ಮನೆಗಳ ಬೆಲೆಯೂ ಇಳಿಯುತ್ತಿತ್ತು. ಅದರಿಂದ ಇನ್ನಷ್ಟು ಜನ ಬೀಗ ಹಾಕುತ್ತಿದ್ದರು. ಮನೆಗಳ ಬೆಲೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ಖಾಲಿ ಬಿದ್ದ ಬಡಾವಣೆಗಳಲ್ಲಿ ತೆರಿಗೆ ಕಟ್ಟುವವರಿಲ್ಲದೆ ಕೆಲವು ಸೌಲಭ್ಯ ಜಿಲ್ಲೆಗಳು ಬಾಂಡಿನ ಹಣ ತೀರಿಸಲಾಗದೆ ಕೈಚೆಲ್ಲಿದವು.

ಟೆಕ್ಸಸ್‌ನ ಹತ್ತು ದೊಡ್ಡ ಬ್ಯಾಂಕ್ ಸಮೂಹಗಳಲ್ಲಿ ಒಂಬತ್ತು ದಿವಾಳಿಯಾದವು ಇಲ್ಲವೇ ಪರರ ಪಾಲಾದವು. ಉಳಿದದ್ದು ಸ್ಯಾನ್ ಆಂಟೋನಿಯೊದ ಕಲನ್/ಫ್ರಾಸ್ಟ್ ಒಂದೇ. 1986ರಿಂದ 1995ರವರೆಗೆ ದೇಶದಾದ್ಯಂತ 1,043 ಉಳಿತಾಯ ಸಂಸ್ಥೆಗಳು ಮುಚ್ಚಿದವು. ಅವುಗಳಲ್ಲಿ ದೊಡ್ಡ ಪಾಲು ಟೆಕ್ಸಸ್‌ನದು. 'ದೇವರೇ, ಇನ್ನೊಂದು ತೈಲದ ಸುಗ್ಗಿ ಕೊಡು, ಈ ಸಲ ಪೋಲು ಮಾಡುವುದಿಲ್ಲ' ಎಂಬರ್ಥದ ಸ್ಟಿಕ್ಕರುಗಳು ಕಾರುಗಳ ಹಿಂಬದಿಗೆ ಅಂಟಿದ್ದು ಈ ಕಾಲದಲ್ಲೇ.

ಖಾಲಿ ಮನೆಗೆ ಬಂದವರು

ಒಬ್ಬರ ನಷ್ಟ ಇನ್ನೊಬ್ಬರಿಗೆ ಸೂರಾಯಿತು. ನೈಋತ್ಯ ಹ್ಯೂಸ್ಟನ್ನಿನ ಗಲ್ಫ್‌ಟನ್ ಬಡಾವಣೆಯ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ್ದು ತೈಲದ ಸಂಬಳ ಎಣಿಸುವ ಅವಿವಾಹಿತ ತರುಣರಿಗಾಗಿ. ಈಜುಕೊಳವಿತ್ತು, ಮಕ್ಕಳಿಗೆ ಪ್ರವೇಶವಿರಲಿಲ್ಲ. ತರುಣರು ಊರು ಬಿಟ್ಟ ಮೇಲೆ ಮಾಲೀಕರು ಬಾಡಿಗೆ ಇಳಿಸಿದರು, ಸ್ಪ್ಯಾನಿಷ್ ಭಾಷೆಯ ಫಲಕ ಹಾಕಿದರು, ಮಕ್ಕಳಿರುವ ಸಂಸಾರಗಳಿಗೂ ಬಾಗಿಲು ತೆರೆದರು. ಎಲ್ ಸಾಲ್ವಡಾರ್, ಗ್ವಾಟೆಮಾಲಾಗಳ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಅಲ್ಲಿ ತುಂಬಿಕೊಂಡರು. ಒಂಟಿಯಾಗಿರುವವರಿಗೆಂದು ಕಟ್ಟಿದ ಜಾಗದಲ್ಲಿ ಆಟದ ಮೈದಾನವೂ ಇರಲಿಲ್ಲ, ಸಾಕಷ್ಟು ಶಾಲೆಗಳೂ ಇರಲಿಲ್ಲ. ಗಲ್ಫ್‌ಟನ್ ನಗರದ ಅತ್ಯಂತ ದಟ್ಟಣೆಯ ಬಡಾವಣೆಗಳಲ್ಲಿ ಒಂದಾಯಿತು.

ಅಲ್ಲಿಂದ ಸ್ವಲ್ಪವೇ ದೂರದ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಆ ದಶಕದಲ್ಲೇ ಭಾರತೀಯರ ಮಿಠಾಯಿ, ಸೀರೆ, ದಿನಸಿ, ಒಡವೆ ಅಂಗಡಿಗಳು ಒಂದೊಂದಾಗಿ ತೆರೆದವು. 2010ರಲ್ಲಿ ನಗರವು ಆ ಪ್ರದೇಶಕ್ಕೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟಿತು.  1990ರ ಹೊತ್ತಿಗೇ ಊರು ಚೇತರಿಸಿಕೊಂಡಿತ್ತು.

ಮತ್ತೆ ಬಂದ ಪರೀಕ್ಷೆ

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಮೂದಲಿಸಬಹುದು. ಆದರೂ ಆ ಬಾಗಿಲು ಮುಂದೆ ಕೆಲಸಕ್ಕೆ ಬಂತು. 1989ರ ಕಾನೂನು ಉಳಿತಾಯ ಸಂಸ್ಥೆಗಳಿಗೆ ಸ್ವಂತ ಬಂಡವಾಳದ ಕಟ್ಟುನಿಟ್ಟು ತಂದಿತು, ಆಸ್ತಿಯ ಬೆಲೆ ಕಟ್ಟುವವರಿಗೆ ಪರವಾನಗಿ ಕಡ್ಡಾಯವಾಗಲು ದಾರಿ ಮಾಡಿತು. ವಾಸದ ಮನೆಯನ್ನು ಸಾಲಗಾರರಿಂದ ಕಾಪಾಡುವ ಸಂಪ್ರದಾಯ ಟೆಕ್ಸಸ್‌ನಲ್ಲಿ 1839ರಷ್ಟು ಹಳೆಯದು. ಇದ್ದ ಮನೆಯ ಮೇಲೆ ಬೇಕಾದ ಖರ್ಚಿಗೆ ಸಾಲ ಎತ್ತಲು ಆ ರಾಜ್ಯ ಒಪ್ಪಿದ್ದೇ 1997ರಲ್ಲಿ. ಆಗಲೂ ಒಟ್ಟು ಸಾಲ ಮನೆಯ ಬೆಲೆಯ ಶೇ 80 ಮೀರಬಾರದೆಂದು ಸಂವಿಧಾನದಲ್ಲೇ ಬರೆಯಿತು. 2008ರಲ್ಲಿ ಫ್ಲಾರಿಡ, ನೆವಾಡಗಳ ಮನೆಗಳು ಕುಸಿದಾಗ ಟೆಕ್ಸಸ್‌ಗೆ ಬಿದ್ದ ಪೆಟ್ಟು ಹಗುರವಾಗಿತ್ತು.

2014ರ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ತೈಲ 2016ರ ಆರಂಭಕ್ಕೆ 30ಕ್ಕೂ ಕೆಳಗಿಳಿಯಿತು. ಹ್ಯೂಸ್ಟನ್ನಿನ ಕಚೇರಿ ಕಟ್ಟಡಗಳು ಖಾಲಿಯಾದವು. ಹೊಸ ಐಷಾರಾಮಿ ಅಪಾರ್ಟ್‌ಮೆಂಟುಗಳು ಮೊದಲ ತಿಂಗಳ ಬಾಡಿಗೆ ಬಿಟ್ಟು ಜನರನ್ನು ಕರೆದವು. ದುಬಾರಿ ಮನೆಗಳ ಮಾರಾಟ ಮಂದವಾಯಿತು. ಆದರೆ ಸಾಮಾನ್ಯ ಮನೆಗಳ ಬೆಲೆ 1986ರಂತೆ ಕುಸಿಯಲಿಲ್ಲ. ಅಗ್ಗದ ಅನಿಲವನ್ನು ನಂಬಿದ ರಸಾಯನ ಕಾರ್ಖಾನೆಗಳು ಅದೇ ಹೊತ್ತಿಗೆ ಹಡಗು ಕಾಲುವೆಯ ದಂಡೆಯಲ್ಲಿ ಏಳುತ್ತಿದ್ದವು. ವೈದ್ಯಕೀಯ ಕ್ಷೇತ್ರವೂ ಬೆಳೆದಿತ್ತು. ಮುಖ್ಯವಾಗಿ, ಕೊಳ್ಳುವವರಿಲ್ಲದ ಮನೆಗಳ ರಾಶಿ ಮೊದಲೇ ಬಿದ್ದಿರಲಿಲ್ಲ.

ಕೆಟ್ಟ ಸಾಲ ಇಲ್ಲದಿದ್ದರೆ ತೈಲದೂರಿನ ಮನೆಗೆ ಅಪಾಯವೇ ಇಲ್ಲ ಎಂದಲ್ಲ. ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಅದೇ 2014ರ ನಂತರ ಮನೆ ಬೆಲೆ ವರ್ಷ ವರ್ಷವೂ ಜಾರುತ್ತ ಬಂತು. ಉತ್ತರ ಸಮುದ್ರದ ತೈಲ ಮುಪ್ಪಾಗುತ್ತಿತ್ತು, ಅದರ ಜಾಗಕ್ಕೆ ಅಷ್ಟೇ ಸಂಬಳದ ಇನ್ನೊಂದು ಉದ್ಯೋಗ ಬಂದಿರಲಿಲ್ಲ. ಕೆಲಸ ಹೋದ ಊರಿನಲ್ಲಿ ಮನೆಯ ಬೆಲೆ ನಿಧಾನವಾಗಿ ಸವೆಯುತ್ತದೆ. ಅದು ಒಮ್ಮೆಲೇ ಧರೆಗುರುಳಿ ಬ್ಯಾಂಕುಗಳನ್ನೂ ಎಳೆದುಕೊಂಡು ಹೋಗಬೇಕಾದರೆ, ಕೆಲಸ ಹೋಗಲು ಶುರುವಾದ ಮೇಲೂ ಯಾರೋ ಸಾಲ ಕೊಡುತ್ತಲೇ, ಯಾರೋ ಕಟ್ಟುತ್ತಲೇ ಇರಬೇಕು. ಹ್ಯೂಸ್ಟನ್ನಿನ ಮನೆ ಮಾಲೀಕನಿಗೆ ಮುಳುವಾದದ್ದು 1986ರಲ್ಲಿ ಬಿದ್ದ ತೈಲಕ್ಕಿಂತ ಹೆಚ್ಚಾಗಿ 1982ರಿಂದ 1985ರ ನಡುವೆ ಮಂಜೂರಾದ ಸಾಲಗಳು.