ಮೊನೆ ಬದಲಾದರೆ ಬಾಣದ ದಾರಿಯೂ ಬದಲು!

ಒಂದೇ ಬಿಲ್ಲು, ಒಂದೇ ತೂಕದ ಎರಡು ಬಾಣಗಳು, ಒಂದೇ ಗುರಿ. ಒಂದು ಬಾಣದ ಮೊನೆ ಪೆನ್ಸಿಲಿನಂತೆ ಚೂಪು. ಇನ್ನೊಂದರ ಮೊನೆಯಲ್ಲಿ ಅಗಲವಾದ ಅಲಗುಗಳಿವೆ. ಎರಡನ್ನೂ ಒಂದೇ ರೀತಿ ಬಿಟ್ಟರೂ ಅವು ಬೇರೆ ಬೇರೆ ಕಡೆ ನಾಟಬಹುದು. ಏಕೆ ಗೊತ್ತೇ?

ಮೊದಲು ಕಾಂಪೌಂಡ್ ಬಿಲ್ಲಿನ ಪರಿಚಯ ಮಾಡಿಕೊಳ್ಳೋಣ. ಇದರ ತುದಿಗಳಲ್ಲಿ ರಾಟೆಯಂತಹ ಚಕ್ರಗಳಿರುತ್ತವೆ. ಹೆದೆಯನ್ನು ಪೂರ್ತಿ ಎಳೆದಾಗ ಅವು ತಿರುಗಿ, ಹಿಡಿದು ನಿಲ್ಲಲು ಬೇಕಾದ ಬಲವನ್ನು ಕಡಿಮೆ ಮಾಡುತ್ತವೆ. ಆದ್ದರಿಂದ ಕೈ ನಡುಗದೆ ಗುರಿ ಹಿಡಿಯಬಹುದು. ಇದನ್ನು ರೂಪಿಸಿದ ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ ಅವರಿಗೆ 1969ರಲ್ಲಿ ಪೇಟೆಂಟ್ ದೊರೆಯಿತು.

ಈಗ ಬಾಣಕ್ಕೆ ಬರೋಣ. ಬಾಣದ ಮುಂಭಾಗ ಭಾರ, ಹಿಂಭಾಗದಲ್ಲಿ ಗರಿಗಳು. ಬಾಣ ಸ್ವಲ್ಪ ಓರೆಯಾಗಿ ಹೊರಟರೆ ಗಾಳಿಯು ಗರಿಗಳನ್ನು ತಳ್ಳಿ ಬಾಣವನ್ನು ನೇರ ಮಾಡುತ್ತದೆ. ಆದರೆ ಮೊನೆಯಲ್ಲಿ ಅಗಲ ಅಲಗುಗಳಿದ್ದರೆ ಗಾಳಿ ಅವುಗಳನ್ನೂ ತಳ್ಳುತ್ತದೆ. ಮುಂದಿನ ಅಲಗು ಬಾಣವನ್ನು ಇನ್ನಷ್ಟು ಓರೆ ಮಾಡಲು ನೋಡಿದರೆ, ಹಿಂದಿನ ಗರಿ ನೇರ ಮಾಡಲು ನೋಡುತ್ತದೆ. ಚೂಪು ಮೊನೆಯಲ್ಲಿ ಕಾಣದಿದ್ದ ಸಣ್ಣ ದೋಷ ಇಲ್ಲಿ ಎದ್ದು ಕಾಣುತ್ತದೆ!

ಮೊನೆಯ ತೂಕವೂ ಮುಖ್ಯ. ಹೆದೆ ಹಿಂದಿನಿಂದ ತಳ್ಳಿದಾಗ ಬಾಣದ ಕಡ್ಡಿ ಕ್ಷಣಕಾಲ ಬಾಗುತ್ತದೆ. ಮೊನೆ ಭಾರವಾದಷ್ಟೂ ಬಾಗುವುದು ಹೆಚ್ಚು. ಆದ್ದರಿಂದ ಎರಡೂ ಬಗೆಯ ಮೊನೆಗಳು ಒಂದೇ ತೂಕದವಾಗಿರಬೇಕು. ಸುಮಾರು 6.5 ಗ್ರಾಂ ತೂಕದ ಮೊನೆಗಳು ಸಾಮಾನ್ಯ.

ಹಾಗಾದರೆ ಬಿಲ್ಲನ್ನು ಸರಿಹೊಂದಿಸುವುದು ಹೇಗೆ? ಎರಡೂ ಬಗೆಯ ಬಾಣಗಳನ್ನು ಬಿಟ್ಟು ನೋಡುತ್ತಾರೆ. ಅಗಲ ಮೊನೆಯ ಬಾಣಗಳು ಚೂಪು ಮೊನೆಯವುಗಳ ಎಡಕ್ಕೆ ನಾಟಿದರೆ, ಬಾಣ ಕೂರುವ ಆಸರೆಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತಾರೆ. ಎರಡೂ ಒಂದೇ ಕಡೆ ನಾಟುವವರೆಗೆ ಹೀಗೆ ಮಾಡುತ್ತಾರೆ.

ಇಷ್ಟು ಸೂಕ್ಷ್ಮತೆ ಬೇಕೇ? ಬೇಕು. ಬಾಣ ಕೇವಲ 1 ಡಿಗ್ರಿ ತಪ್ಪಿ ಹೋದರೆ 50 ಮೀಟರ್ ದೂರದಲ್ಲಿ ಸುಮಾರು 87 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕಾಂಪೌಂಡ್ ಸ್ಪರ್ಧೆಗಳಲ್ಲಿ ಅದೇ ದೂರದಲ್ಲಿರುವ 10 ಅಂಕದ ವೃತ್ತದ ಅಗಲ ಕೇವಲ 8 ಸೆಂ.ಮೀ.! ಸ್ಪರ್ಧೆಗೆ ಚೂಪು ಮೊನೆ ಬಳಸುತ್ತಾರೆ. ಅಗಲ ಮೊನೆ, ಅಮೆರಿಕದಂತಹ ದೇಶಗಳಲ್ಲಿ ಪರವಾನಗಿ ಪಡೆದ ಬೇಟೆಗಾರರದು. ಅಲ್ಲಿ ಗುರಿ ತಪ್ಪಿದರೆ ಅಂಕ ಹೋಗುವುದಲ್ಲ, ಗಾಯಗೊಂಡ ಪ್ರಾಣಿ ನರಳುತ್ತದೆ.

ಮಾಡಿ ನೋಡಿ: ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿ 30 ಸೆಂ.ಮೀ. ಉದ್ದದ ಕೊಳವೆ ಮಾಡಿ. ಮುಂತುದಿಗೆ ಜೇಡಿಮಣ್ಣು ಮೆತ್ತಿ, ಹಿಂತುದಿಗೆ ರಟ್ಟಿನ ಗರಿ ಅಂಟಿಸಿ. ಯಾರೂ ಇಲ್ಲದ ಕಡೆಗೆ ಕೈಯಿಂದ ಎಸೆಯಿರಿ. ನಂತರ ಮುಂತುದಿಗೂ ಅಷ್ಟೇ ಅಗಲದ ರಟ್ಟು ಅಂಟಿಸಿ ಎಸೆಯಿರಿ. ಯಾವುದು ನೇರವಾಗಿ ಹೋಯಿತು? ಏಕೆ? ಗೆಳೆಯರೊಡನೆ ಚರ್ಚಿಸಿ.