ಐದನೆಯವರ ಬಣ್ಣ

ತತ್ಸಮ-ತದ್ಭವದ ಪಾಠ ಮಾಡುತ್ತ ‘ಬಣ್ಣ ಅಂದರೇನು?’ ಅಂತ ಕ್ಲಾಸಿನಲ್ಲಿ ಕೇಳಿದೆ. ಒಬ್ಬ ಹೋಳಿ ಅಂದ, ಇನ್ನೊಬ್ಬ ಸಿನಿಮಾ ಅಂದ. ಬೆಳ್ಳಂದೂರಿನಿಂದ ಬರುವ ಹುಡುಗಿಯೊಬ್ಬಳು ‘ಹಸಿರು ಬುಟ್ಟಿ, ಕೆಂಪು ಬುಟ್ಟಿ ಸಾರ್’ ಅಂದಳು. ಎಲ್ಲರೂ ನಕ್ಕರು. ಅವಳ ತಾಯಿ ಅಪಾರ್ಟ್‌ಮೆಂಟುಗಳ ಕಸ ಎತ್ತುವವರು. ಹಸಿ ಕಸಕ್ಕೆ ಹಸಿರು ಬುಟ್ಟಿ. ಡೈಪರು, ಪ್ಯಾಡು, ಬ್ಯಾಂಡೇಜಿಗೆ ಕೆಂಪು. ಆ ಉತ್ತರ ತಪ್ಪಲ್ಲ ಅನ್ನುವುದನ್ನು ವಿವರಿಸಲು ಈ ಲೇಖನ.

ಕೆಂಪು, ಕಪ್ಪು, ಬಿಳಿ ಇವೆಲ್ಲ ಅಚ್ಚಗನ್ನಡದ ಮಾತು. ನಮ್ಮ ಕೇರಿಗಳಲ್ಲಿ ಕರಿಯ, ಕೆಂಚ ಅಂತ ಮನುಷ್ಯರಿಗೇ ಹೆಸರಿದೆ. ಇವನ್ನೆಲ್ಲ ಒಟ್ಟಾಗಿ ಕರೆಯುವ ‘ಬಣ್ಣ’ ಮಾತ್ರ ಸಂಸ್ಕೃತದ ‘ವರ್ಣ’ದಿಂದ ಬಂದದ್ದು. ಅದು ಬರಿಗೈಲಿ ಬಂದ ಪದವಲ್ಲ. ವರ್ಣ ಅಂದರೆ ರಂಗು; ವರ್ಣ ಅಂದರೆ ಅಕ್ಷರ, ಅದಕ್ಕೇ ವರ್ಣಮಾಲೆ; ವರ್ಣ ಅಂದರೆ ಸಮಾಜವನ್ನು ನಾಲ್ಕಾಗಿ ಒಡೆದ ವ್ಯವಸ್ಥೆ. ಅದೇ ಬೇರಿನದು ವರ್ಣನೆ, ಕನ್ನಡದ ಬಣ್ಣನೆ. ನಿಘಂಟು ಈ ಅರ್ಥಗಳನ್ನು ಬಿಡಿಬಿಡಿಯಾಗಿ ಕೊಡುತ್ತದೆ. ಚರಿತ್ರೆಯಲ್ಲಿ ಅವು ಒಂದಕ್ಕೊಂದು ಗಂಟು ಬಿದ್ದಿದ್ದವು. ವ್ಯವಸ್ಥೆಯ ಹೊರಗಿಟ್ಟವರನ್ನು ಅಕ್ಷರದಿಂದಲೂ ಹೊರಗಿಟ್ಟರು. ಅಕ್ಷರ ಸಿಗದವರನ್ನು ಬರಹದಲ್ಲಿ ಬೇರೆಯವರೇ ಬಣ್ಣಿಸಿದರು.

ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಬ್ರಾಹ್ಮಣನಿಗೆ ಬಿಳಿ, ಕ್ಷತ್ರಿಯನಿಗೆ ಕೆಂಪು, ವೈಶ್ಯನಿಗೆ ಹಳದಿ, ಶೂದ್ರನಿಗೆ ಕಪ್ಪು ಅಂತ ಹಂಚುತ್ತಾನೆ. ಬಣ್ಣ ನೋಡಿ ವರ್ಣ ಹೇಳುವುದಾದರೆ ಎಲ್ಲ ವರ್ಣಗಳಲ್ಲೂ ಎಲ್ಲ ಬಣ್ಣದವರಿದ್ದಾರಲ್ಲ ಅಂತ ಭರದ್ವಾಜ ಅಲ್ಲೇ ಪ್ರಶ್ನೆ ಎತ್ತುತ್ತಾನೆ. ಅಂದರೆ ಮೈಬಣ್ಣದ ನೆಪ ಆಗಲೇ ನಿಲ್ಲುತ್ತಿರಲಿಲ್ಲ. ಇನ್ನೊಂದನ್ನೂ ಗಮನಿಸಿ: ಆ ಹಂಚಿಕೆಯಲ್ಲಿ ಐದನೆಯವನಿಗೆ ಬಣ್ಣವೇ ಇಲ್ಲ.

ಅಂಬೇಡ್ಕರ್ ಈ ನೆಪವನ್ನು ಪೂರ್ತಿ ಕಳಚಿದರು. ಪಂಜಾಬಿನ ಬ್ರಾಹ್ಮಣ, ಪಂಜಾಬಿನ ಚಮಾರ ಇಬ್ಬರದೂ ಒಂದೇ ಬುಡಕಟ್ಟು, ಜಾತಿ ಜನಾಂಗದ ವಿಭಜನೆಯಲ್ಲ ಎಂದು 1936ರ ‘ಜಾತಿ ವಿನಾಶ’ದಲ್ಲಿ ಬರೆದರು. ಶೂದ್ರರ ಮೂಲದ ಬಗ್ಗೆ 1946ರಲ್ಲಿ ಬಂದ ಪುಸ್ತಕದಲ್ಲಿ, ವರ್ಣ ಎಂಬ ಮಾತಿಗೂ ಮೈಬಣ್ಣಕ್ಕೂ ಮೊದಲು ಸಂಬಂಧವಿರಲಿಲ್ಲ ಎಂದು ವಾದಿಸಿದರು. ಕರಿಯರ ಹೋರಾಟದಿಂದ ನಾವು ಕಲಿತದ್ದು ಬಹಳ. 1972ರ ದಲಿತ ಪ್ಯಾಂಥರ್ಸ್ ಹೆಸರೇ ಅಲ್ಲಿಂದ ಬಂತು. ಆದರೆ ಇಲ್ಲಿ ಚರ್ಮ ನೋಡಿ ಜಾತಿ ಗೊತ್ತಾಗುವುದಿಲ್ಲ. ಹೆಸರು, ಕೇರಿ, ಕಸುಬು ಕೇಳಿ ಗೊತ್ತು ಮಾಡಿಕೊಳ್ಳುತ್ತಾರೆ.

ಜನರ ಮಾತು ಬಣ್ಣವನ್ನು ಸುಲಭಕ್ಕೆ ನಂಬುವುದಿಲ್ಲ. ನಾಟಕಕ್ಕೆ ಬಣ್ಣ ಹಚ್ಚುತ್ತಾರೆ, ಸುಳ್ಳಿಗೆ ಬಣ್ಣ ಕಟ್ಟುತ್ತಾರೆ, ಬಣ್ಣದ ಮಾತಾಡುತ್ತಾರೆ, ಕಡೆಗೊಂದು ದಿನ ಬಣ್ಣ ಬಯಲಾಗುತ್ತದೆ. ಮೇಲೆ ಹಚ್ಚಿದ್ದು ಕಳಚುತ್ತದೆ ಅನ್ನುವುದು ಈ ಮಾತುಗಳಲ್ಲೇ ಇದೆ.

‘ಈಗ ಯಾರ್ರೀ ಜಾತಿ ಕೇಳ್ತಾರೆ?’ ಅನ್ನುವುದು ಬೆಳ್ಳಂದೂರಿನ ಗಾಜಿನ ಕಟ್ಟಡಗಳ ನಡುವೆ ಕೇಳಿಬರುವ ಬಣ್ಣದ ಮಾತು. 2015ರಲ್ಲಿ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿತು. ಒಳ್ಳೆಯದೇ. ಕಸಕ್ಕೆ ಬಣ್ಣ ಬಂತು. ಅದನ್ನು ಎತ್ತುವವರಲ್ಲಿ ಬಹುಪಾಲು ಇಂದಿಗೂ ದಲಿತರೇ, ಅದರಲ್ಲೂ ಹೆಂಗಸರು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ಆರಿಸಲು ಸೈನಿಕರು ಬಂದರು, ಹೊಗೆಯ ಚಿತ್ರ ದೇಶವೆಲ್ಲ ನೋಡಿತು. ಅದೇ ತಿಂಗಳು, ಹತ್ತಿರದ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಕೊಳಚೆ ನೀರಿನ ಘಟಕದಲ್ಲಿ ಮೂವರು ಕೂಲಿಗಳು ಸತ್ತರು. ಕೆರೆಯ ನೊರೆಯನ್ನು ಬಣ್ಣಿಸಿದಷ್ಟು ಅವರನ್ನು ಯಾರು ಬಣ್ಣಿಸಿದರು?

ಪಾಠ ಮುಗಿದ ಮೇಲೆ ಆ ಹುಡುಗಿ ಕೇಳಿದಳು, ‘ಐದನೆಯವರಿಗೆ ಯಾವ ಬಣ್ಣ ಸಾರ್?’ ಯಾರೂ ಕೊಡಲಿಲ್ಲಮ್ಮ, ನಾವೇ ತಗೊಂಡ್ವಿ ಅಂದೆ. 1942ರಲ್ಲಿ ಅಂಬೇಡ್ಕರ್ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟ ನೀಲಿ. ಆದರೆ ಜಯಂತಿಯ ದಿನ ನೀಲಿ ಶಾಲು ಹೊದ್ದು, ಮಾರನೆ ದಿನ ಕಸದ ಗಾಡಿಯ ಕಡೆ ನೋಡದೆ ಹೋದರೆ ಅದೂ ಬರೀ ಹಚ್ಚಿಕೊಂಡ ಬಣ್ಣವಾಗುತ್ತದೆ. ಕತೆಯಿರಲಿ, ಕಾನೂನಿರಲಿ, ಪತ್ರಿಕೆಯ ಸುದ್ದಿಯಿರಲಿ, ಇಲ್ಲಿ ಯಾರು ಯಾರನ್ನು ಬಣ್ಣಿಸುತ್ತಿದ್ದಾರೆ ಅಂತ ಕೇಳುವುದರಿಂದ ದಲಿತ ವಿಮರ್ಶೆ ಶುರುವಾಗಬೇಕು. ನಮ್ಮ ಬರವಣಿಗೆಗೂ ಇದೇ ಪ್ರಶ್ನೆ.