ಕರ್ಬ್ ಕಲ್ಲು ತಗ್ಗಿದ ಕಥೆ

ರಸ್ತೆಗೂ ಫುಟ್‌ಪಾತಿಗೂ ನಡುವೆ ನೆಡುವ ಕರ್ಬ್ ಕಲ್ಲಿನ ಎತ್ತರ ಸುಮಾರು ಅರ್ಧ ಅಡಿ. ಮಳೆನೀರನ್ನು ಮೋರಿಯತ್ತ ತಿರುಗಿಸುವುದು, ಗಾಡಿಗಳು ಮೇಲೇರದಂತೆ ತಡೆಯುವುದು ಅದರ ಕೆಲಸ. ಕಾಲು ಗಟ್ಟಿಯಿರುವವರ ಗಮನಕ್ಕೇ ಅದು ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಬಂದವರ ದಾರಿ ಮಾತ್ರ ಅಲ್ಲಿಗೇ ಮುಗಿಯುತ್ತದೆ. ಬಿಳಿಕೋಲು ಹಿಡಿದು ಬಂದ ಅಂಧರಿಗಾದರೋ ಆ ಅರ್ಧ ಅಡಿ ಬೇಕೇ ಬೇಕು. ಕೋಲಿನ ತುದಿ ಅಂಚಿನಿಂದ ಕೆಳಗೆ ಜಾರಿತೆಂದರೆ ಮುಂದೆ ರಸ್ತೆ, ನಿಲ್ಲಬೇಕು ಎಂದು ತಿಳಿಯುವುದು ಅದರಿಂದಲೇ. ಒಬ್ಬರನ್ನು ತಡೆಯುವ ಕಲ್ಲೇ ಇನ್ನೊಬ್ಬರನ್ನು ಕಾಯುತ್ತದೆ. ಅದನ್ನು ಇಬ್ಬರಿಗೂ ಒಗ್ಗಿಸುವ ಕೆಲಸ ಎರಡು ಖಂಡಗಳಲ್ಲಿ, ಒಬ್ಬರಿಗೊಬ್ಬರು ಪರಿಚಯವಿಲ್ಲದವರಿಂದ ನಡೆಯಿತು.

ಇಳಿಜಾರಿನ ಕಥೆ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿದ್ದ ಪರ್ಸಿ ಜೋನ್ಸ್ ಸೇನಾ ಆಸ್ಪತ್ರೆಯಲ್ಲಿ ಕೈಕಾಲು ಕಳೆದುಕೊಂಡ ಸಾವಿರಾರು ಸೈನಿಕರು ಚಿಕಿತ್ಸೆ ಪಡೆಯುತ್ತಿದ್ದರು. ಪಕ್ಕದ ಕಲಮಜೂ ಪಟ್ಟಣದ ವಕೀಲ ಜಾಕ್ ಫಿಶರ್ ಕೂಡ ಅಂಗವಿಕಲರಾದ ಮಾಜಿ ಸೈನಿಕರೇ. 1945ರಲ್ಲಿ ಅವರ ಒತ್ತಾಯಕ್ಕೆ ಮಣಿದ ನಗರಾಡಳಿತ, ಪೇಟೆಯ ಕೆಲವು ತಿರುವುಗಳಲ್ಲಿ ಕರ್ಬ್ ತಗ್ಗಿಸಿ ಇಳಿಜಾರು ಮಾಡಿ ನೋಡಲು ಒಪ್ಪಿತು. ಪ್ರಯೋಗ ಫಲಿಸಿತು. ಉಳಿದ ಊರುಗಳಿಗೆ ಅದು ತಲುಪಲು ಮಾತ್ರ ದಶಕಗಳೇ ಬೇಕಾದವು.

ಅದು ಹಕ್ಕಿನ ಪ್ರಶ್ನೆಯಾದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಹದಿನಾಲ್ಕರ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದರು. ಉಸಿರಾಟಕ್ಕೆ ಅವರು ಮಲಗಬೇಕಿದ್ದ ಕಬ್ಬಿಣದ ಯಂತ್ರ ಯಾವ ಹಾಸ್ಟೆಲಿನಲ್ಲೂ ಹಿಡಿಸುವಂತಿರಲಿಲ್ಲ. ಹಾಗಾಗಿ ಕ್ಯಾಂಪಸ್ಸಿನ ಕೊವೆಲ್ ಆಸ್ಪತ್ರೆಯ ಕೋಣೆಯೇ ಅವರ ವಸತಿಯಾಯಿತು. ಅವರ ಹಿಂದೆಯೇ ಅಂಥ ಇನ್ನಷ್ಟು ವಿದ್ಯಾರ್ಥಿಗಳು ಬಂದು ‘ರೋಲಿಂಗ್ ಕ್ವಾಡ್ಸ್’ ಎಂದು ಹೆಸರಿಟ್ಟುಕೊಂಡು ಗುಂಪು ಕಟ್ಟಿದರು. ಮೋಟಾರಿನ ಗಾಲಿಕುರ್ಚಿ ಬಂದಮೇಲೆ ತಳ್ಳುವವರ ಹಂಗು ತಪ್ಪಿತು, ಕ್ಯಾಂಪಸ್ಸಿನಾಚೆಯ ಟೆಲಿಗ್ರಾಫ್ ಅವೆನ್ಯೂವಿಗೆ ತಾವೇ ಹೋಗಿ ಬರುವ ಆಸೆ ಹುಟ್ಟಿತು. ಅಲ್ಲಿ ಎದುರಾದದ್ದೇ ಕರ್ಬ್ ಕಲ್ಲು.

ರಾತ್ರೋರಾತ್ರಿ ಸಿಮೆಂಟು ಸುರಿದು ಇಳಿಜಾರು ಮಾಡಿಕೊಂಡರು ಎಂಬ ಕಥೆಗಳು ಬರ್ಕ್ಲಿಯಲ್ಲಿ ಇಂದಿಗೂ ಓಡಾಡುತ್ತವೆ. ಕೇಳಲು ಚೆನ್ನಾಗಿವೆ. ಆದರೆ ಕೆಲಸ ಬಹುಪಾಲು ಆದದ್ದು ಹಗಲಿನಲ್ಲಿ, ನಗರಸಭೆಯ ಬಾಗಿಲಲ್ಲಿ. ಇವರೆಲ್ಲ ಗಾಲಿಕುರ್ಚಿಯಲ್ಲೇ ಸಭೆಗೆ ಹೋಗಿ ಕುಳಿತು ಕೇಳಿದರು. 1971ರ ಸೆಪ್ಟೆಂಬರ್ 28ರಂದು, ಅಂಗವಿಕಲರು ಓಡಾಡುವಂತೆ ಬೀದಿಗಳನ್ನು ರೂಪಿಸುವುದು ತನ್ನ ನೀತಿ ಎಂದು ನಗರಸಭೆ ಸಾರಿತು. ಯಾವ ತಿರುವಿನಲ್ಲಿ ಇಳಿಜಾರು ಬೇಕು, ಯಾವ ದಾರಿ ಎಲ್ಲಿಗೆ ಕೂಡಬೇಕು ಎಂಬ ಯೋಜನೆಯಲ್ಲಿ ಹೇಲ್ ಜೂಕಸ್ ಅವರ ದುಡಿಮೆ ದೊಡ್ಡದು. ಮಿದುಳಿನ ಪಾರ್ಶ್ವವಾಯು ಇದ್ದ ಅವರು ತಲೆಗೆ ಕಟ್ಟಿಕೊಂಡ ಕಡ್ಡಿಯಿಂದ ಅಕ್ಷರಫಲಕ ಮುಟ್ಟಿ ಮುಟ್ಟಿ ಮಾತಾಡುತ್ತಿದ್ದರು. ಒಂದೊಂದೇ ಅಕ್ಷರ ಜೋಡಿಸಿ ಅವರು ಊರಿನ ತಿರುವುಗಳ ಬಗ್ಗೆ ವಾದಿಸಿದರಲ್ಲ, ಅದು ಎಲ್ಲ ನಗರ ಎಂಜಿನಿಯರುಗಳ ಪಾಠದಲ್ಲಿ ಇರಬೇಕಾದ ಸಂಗತಿ. ಮುಂದೆ 1990ರ ಅಂಗವಿಕಲರ ಕಾಯ್ದೆ ಬಂದು ಇಳಿಜಾರು ಅಮೆರಿಕದಾದ್ಯಂತ ಹಬ್ಬಿತು. ಮಗುವಿನ ತಳ್ಳುಗಾಡಿಯವರು, ಸೂಟ್‌ಕೇಸ್ ಎಳೆಯುವವರು, ಸಾಮಾನು ಸಾಗಿಸುವವರು ಎಲ್ಲರೂ ಅದನ್ನೇ ಹಿಡಿದರು.

ಆದರೆ ಅಂಚು ಸಪಾಟಾದ ಕಡೆ ಅಂಧರಿಗೆ ರಸ್ತೆ ಎಲ್ಲಿ ಶುರುವಾಯಿತೆಂದು ಹೇಳುವವರಿಲ್ಲವಾಯಿತು. ಬರ್ಕ್ಲಿಯಲ್ಲೇ ಪಾಠ ಹೇಳುತ್ತಿದ್ದ ಅಂಧ ಕಾನೂನು ವಿದ್ವಾಂಸ ಜೇಕಬಸ್ ಟೆನ್‌ಬ್ರೂಕ್ 1966ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಬೀದಿಯಲ್ಲಿ ಓಡಾಡುವುದು ಅಂಗವಿಕಲರ ಹಕ್ಕು ಎಂದು ಮಂಡಿಸಿದ್ದರು. ಗಾಲಿಕುರ್ಚಿಗೆ ಸಿಕ್ಕ ಹಕ್ಕು ಬಿಳಿಕೋಲಿಗೆ ಅಪಾಯವಾದರೆ ಏನು ಮಾಡುವುದು?

ಉತ್ತರ ಆ ಹೊತ್ತಿಗಾಗಲೇ ಜಪಾನಿನ ಒಕಾಯಾಮಾದಲ್ಲಿ ಹುಟ್ಟಿತ್ತು. ಸೇಯಿಚಿ ಮಿಯಾಕೆ ಅಲ್ಲಿ ವಸತಿಗೃಹ ನಡೆಸುತ್ತಿದ್ದರು, ಎಂಜಿನಿಯರ್ ಆಗಿರಲಿಲ್ಲ. ಬಿಳಿಕೋಲು ಹಿಡಿದ ಒಬ್ಬರು ರಸ್ತೆ ದಾಟುವಾಗ ಕಾರಿಗೆ ಸಿಗುವುದರಲ್ಲಿದ್ದುದನ್ನು ಕಂಡು ಅವರು ಕಳವಳಗೊಂಡಿದ್ದರು. ಕಣ್ಣು ಕಳೆದುಕೊಂಡಿದ್ದ ಗೆಳೆಯ ಹಿದೆಯುಕಿ ಇವಾಹಾಶಿ ಒಮ್ಮೆ, ಪಾಚಿ ಮುಗಿದು ಬರಿ ಮಣ್ಣು ಶುರುವಾಗುವ ಜಾಗ ಬೂಟಿನ ಮೂಲಕವೂ ಗೊತ್ತಾಗುತ್ತದೆ ಎಂದಿದ್ದರಂತೆ. ಪಾದವೂ ಓದಬಲ್ಲದಾದರೆ ನೆಲದ ಮೇಲೆ ಬರೆಯಬಹುದಲ್ಲ! 1965ರಲ್ಲಿ ಸಿಮೆಂಟಿನ ಚಪ್ಪಡಿಯ ಮೇಲೆ ಸಾಲು ಸಾಲು ಉಬ್ಬುಚುಕ್ಕಿ ಮೂಡಿಸಿದರು. 1967ರ ಮಾರ್ಚ್ 18ರಂದು ಒಕಾಯಾಮಾದ ಅಂಧರ ಶಾಲೆಯ ಹತ್ತಿರ, ರಾಷ್ಟ್ರೀಯ ಹೆದ್ದಾರಿ 2 ದಾಟುವಲ್ಲಿ ಅಂಥ 230 ಚಪ್ಪಡಿಗಳನ್ನು ಹಾಸಲಾಯಿತು.

ಕೈಯಿಂದ ಹಣ ಹಾಕಿ ಚಪ್ಪಡಿ ಮಾಡಿಸಿ ಊರೂರಿಗೆ ಉಚಿತವಾಗಿ ಕೊಟ್ಟರೂ ಕೊಳ್ಳುವವರು ಬೇಗ ಸಿಗಲಿಲ್ಲ. 1970ರಲ್ಲಿ ಒಸಾಕಾದ ಅಬಿಕೊಚೊ ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಅದು ಬಂತು. 1973ರಲ್ಲಿ ಟೋಕಿಯೊದ ತಕಡನೊಬಾಬಾ ನಿಲ್ದಾಣದಲ್ಲಿ ಅಂಧರೊಬ್ಬರು ಪ್ಲಾಟ್‌ಫಾರ್ಮಿನಿಂದ ಬಿದ್ದು ಸತ್ತರು. ಅಲ್ಲಿ ಉಬ್ಬುಚಪ್ಪಡಿ ಇರಲಿಲ್ಲ. ಕುಟುಂಬದವರು ರೈಲ್ವೆಯ ಮೇಲೆ ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆದು ದೇಶದ ಕಣ್ಣು ತೆರೆಸಿತು. ಚುಕ್ಕಿ ಎಂದರೆ ನಿಲ್ಲು, ಉದ್ದಗೆರೆ ಎಂದರೆ ಮುಂದೆ ನಡೆ ಎಂಬ ಎರಡೇ ಪದಗಳ ಆ ಭಾಷೆಗೆ 2001ರಲ್ಲಿ ಜಪಾನಿನ ಮಾನಕವೂ 2012ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಬಂದವು. ಇಳಿಜಾರಿನ ಬುಡದಲ್ಲಿ ಚುಕ್ಕಿಯ ಹಾಸು ಇಟ್ಟಾಗ ಗಾಲಿಗೆ ದಾರಿ ಸಿಕ್ಕಿತು, ಪಾದಕ್ಕೆ ಎಚ್ಚರಿಕೆಯೂ ಉಳಿಯಿತು.

ನಮ್ಮ ಮೆಟ್ರೊ ಪ್ಲಾಟ್‌ಫಾರ್ಮುಗಳ ಹಳದಿ ಪಟ್ಟಿ ಮಿಯಾಕೆಯವರ ಚಪ್ಪಡಿಯ ಸಂತಾನವೇ. ಅಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ. ಬೀದಿಗೆ ಇಳಿದರೆ ಕಥೆ ಬೇರೆ. ಕರ್ಬ್ 15 ಸೆಂಟಿಮೀಟರ್ ಮೀರಬಾರದು, ಇಳಿಜಾರು ಹನ್ನೆರಡಕ್ಕೆ ಒಂದರಂತಿರಬೇಕು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಹೇಳಿದೆ. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅರ್ಧ ಅಡಿ ಇಳಿಯಲು ಆರು ಅಡಿ ಉದ್ದದ ಇಳಿಜಾರು ಬೇಕು. ಆರಡಿ ಅಗಲದ ಫುಟ್‌ಪಾತಿನಲ್ಲಿ ಅಷ್ಟು ಜಾಗ ಬಿಟ್ಟುಕೊಟ್ಟರೆ ನಡೆಯಲು ಏನೂ ಉಳಿಯದು. ಅಂಥಲ್ಲಿ ತಿರುವಿನ ಹತ್ತಿರ ಫುಟ್‌ಪಾತನ್ನೇ ಮೆಲ್ಲಗೆ ತಗ್ಗಿಸಿಕೊಂಡು ಬರಬೇಕು. ನಾವು ಮಾಡುವುದು ಎರಡಡಿಯಲ್ಲಿ ಧಡಕ್ಕನೆ ಇಳಿಸುವ ಕೆಲಸ. ಗಾಲಿಕುರ್ಚಿ ಅಲ್ಲಿ ಮುಗ್ಗರಿಸುತ್ತದೆ. ಆ ಇಳಿಜಾರಿನಲ್ಲಿ ಬೈಕುಗಳು ಏರುತ್ತವೆಂದು ಆಮೇಲೆ ಕಂಬ ನೆಡುತ್ತೇವೆ, ಅದೂ ಗಾಲಿಕುರ್ಚಿ ನುಸುಳಲಾರದಷ್ಟು ಒತ್ತಾಗಿ. ಹಳದಿ ಗೆರೆಯ ಚಪ್ಪಡಿಗಳು ಎಷ್ಟೋ ಕಡೆ ನೇರ ಟ್ರಾನ್ಸ್‌ಫಾರ್ಮರಿನ ಕಟ್ಟೆಗೆ ಹೋಗಿ ಮುಟ್ಟುತ್ತವೆ. ಗೆರೆಯನ್ನು ನಂಬಿ ಬಂದ ಪಾದಕ್ಕೆ ಅದು ಹೇಳುವ ಸುಳ್ಳನ್ನು ನೆನೆದರೆ ಸಂಕಟವಾಗುತ್ತದೆ.

ಹಣವಿಲ್ಲ, ಅಗಲವಿಲ್ಲ ಎಂಬ ಮಾತು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಬೆಂಗಳೂರಿನ ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮರುರೂಪಿಸಿದಾಗ ಕೇಬಲ್ಲು, ಕೊಳವೆಗಳೆಲ್ಲ ನೆಲದಡಿ ಸರಿದು ಅಗಲವಾದ ಫುಟ್‌ಪಾತ್ ಬಂತು. ಕಾನೂನೂ ಈಗ ಜತೆಗಿದೆ. ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಬೇಕೆಂದ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ, ಪಾದಚಾರಿಯ ಈ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಇನ್ನು ಬೇಕಿರುವುದು ಬರ್ಕ್ಲಿಯವರು, ಒಕಾಯಾಮಾದವರು ಮೊದಲೇ ಮಾಡಿದ ಕೆಲಸ: ಬೀದಿ ಯಾರಿಗೆ ಕಷ್ಟವೋ ಅವರನ್ನೇ ಕೇಳುವುದು. ಗುತ್ತಿಗೆದಾರರ ಬಿಲ್ ಪಾಸಾಗುವ ಮುನ್ನ ಗಾಲಿಕುರ್ಚಿಯವರೊಬ್ಬರು, ಬಿಳಿಕೋಲಿನವರೊಬ್ಬರು ಆ ಫುಟ್‌ಪಾತಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಲಿ, ಎಂಜಿನಿಯರರು ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕದಲ್ಲಿ ಅವರಿಬ್ಬರ ಸಹಿಯೂ ಇರಲಿ.